ಇಪ್ಪತ್ತರವರೆಗೆ ಹೇಳ್ತಾನೆ, ಮೂರು ಕೊಡು ಅಂದ್ರೆ ಮುಷ್ಟಿ ತುಂಬ ಕೊಡ್ತಾನೆ!

ಪುಟ್ಟ ಮಕ್ಕಳು, ಎಣಿಕೆಯ ಚಿತ್ರಪುಸ್ತಕಗಳು: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಮೇಡಂ, ನನ್ನ ಮಗನಿಗೆ ಮೂರೂವರೆ ವರ್ಷ. ಒಂದರಿಂದ ಇಪ್ಪತ್ತರವರೆಗೆ ಗಡಗಡ ಅಂತ ಹೇಳ್ತಾನೆ. ಮನೆಗೆ ಬಂದವರೆಲ್ಲ ಭಲೇ ಅಂತಾರೆ. ಆದರೆ ಪುಸ್ತಕ ತೆರೆದು ಐದು ಬಾತುಕೋಳಿ ಎಣಿಸು ಅಂದರೆ ಎಂಟಕ್ಕೋ ಒಂಬತ್ತಕ್ಕೋ ಹೋಗಿ ನಿಲ್ತಾನೆ. ಸರಿಯಾಗಿ ಎಣಿಸಿದ ದಿನವೂ "ಒಟ್ಟು ಎಷ್ಟು?" ಅಂದರೆ ಉತ್ತರ ಹೇಳದೆ ಮತ್ತೆ ಮೊದಲಿಂದ ಎಣಿಸೋಕೆ ಶುರು ಮಾಡ್ತಾನೆ. ಮೂರು ಬಿಸ್ಕತ್ತು ಕೊಡು ಅಂದರೆ ಮುಷ್ಟಿ ತುಂಬ ಕೊಡ್ತಾನೆ. ಗಣಿತದಲ್ಲಿ ಹಿಂದೆ ಬೀಳ್ತಾನಾ ಅಂತ ಭಯ.
— ಒಬ್ಬ ತಾಯಿ, ಹಾಸನ

ಉತ್ತರ: ಭಯ ಬಿಡಿ. ಆ ವಯಸ್ಸಿನ ಮಕ್ಕಳು ಮಾಡುವುದನ್ನೇ ನಿಮ್ಮ ಮಗನೂ ಮಾಡುತ್ತಿದ್ದಾನೆ.

ಅಂಕಿಗಳನ್ನು ಸಾಲಾಗಿ ಹೇಳುವುದು ಬೇರೆ, ಎಣಿಸುವುದು ಬೇರೆ. ಬಾಳೆಲೆ ಹಾಕಿ ಊಟ ಬಡಿಸುವ ಆ ಎಣಿಕೆ ಹಾಡನ್ನು ನಾವೆಲ್ಲ ಹಾಡಿದವರೇ, ಅಲ್ವಾ? ಅದರಿಂದ ಒಂದರ ಹಿಂದೆ ಎರಡು, ಎರಡರ ಹಿಂದೆ ಮೂರು ಅಂತ ಬಾಯಿಗೆ ಕೂರುತ್ತದೆ. ಅದೂ ಬೇಕು. ಆದರೆ ಅಲ್ಲಿ ಮಗು ಏನನ್ನೂ ಎಣಿಸಿರುವುದಿಲ್ಲ. ಎಣಿಸಬೇಕಾದರೆ ಒಂದೊಂದು ವಸ್ತುವಿಗೂ ಒಂದೇ ಅಂಕಿ ಹೇಳಬೇಕು, ಯಾವುದನ್ನೂ ಬಿಡಬಾರದು, ಯಾವುದನ್ನೂ ಎರಡು ಸಲ ಮುಟ್ಟಬಾರದು, ಕೊನೆಗೆ ಹೇಳಿದ ಅಂಕಿಯೇ "ಒಟ್ಟು ಎಷ್ಟು" ಅನ್ನುವುದಕ್ಕೆ ಉತ್ತರ ಅಂತ ಹೊಳೆಯಬೇಕು. ಅಮೆರಿಕದ ಮನಶ್ಶಾಸ್ತ್ರಜ್ಞರಾದ ರೊಶೆಲ್ ಗೆಲ್ಮನ್ ಮತ್ತು ಸಿ.ಆರ್. ಗ್ಯಾಲಿಸ್ಟೆಲ್ 1978ರಲ್ಲೇ ಎಣಿಕೆಯ ಈ ನಿಯಮಗಳನ್ನು ಬಿಡಿಸಿ ಬರೆದಿದ್ದರು. ಎಲ್ಲಕ್ಕಿಂತ ಕಷ್ಟದ್ದು ಆ ಕೊನೆಯದು. ನಿಮ್ಮ ಮಗನಿಗೆ "ಎಷ್ಟು?" ಅಂದರೆ "ಎಣಿಸು" ಅಂತಲೇ ಅರ್ಥ. ಅದಕ್ಕೇ ಪಾಪ, ಮತ್ತೆ ಎಣಿಸುತ್ತಾನೆ.

ಬಿಸ್ಕತ್ತಿನ ವಿಷಯಕ್ಕೆ ಬರೋಣ. ಕ್ಯಾರೆನ್ ವಿನ್ ಅನ್ನುವ ಸಂಶೋಧಕಿ 1990ರ ದಶಕದ ಆರಂಭದಲ್ಲಿ ಮಕ್ಕಳಿಗೆ ಕೇಳಿದ್ದೂ ಹೆಚ್ಚುಕಡಿಮೆ ಇದನ್ನೇ: ಒಂದು ಕೊಡು, ಎರಡು ಕೊಡು, ಮೂರು ಕೊಡು. ಮಕ್ಕಳು ಮೊದಲು "ಒಂದು" ಮಾತ್ರ ತಿಳಿದಿರುತ್ತಾರೆ, ಅದಕ್ಕಿಂತ ಜಾಸ್ತಿ ಏನು ಕೇಳಿದರೂ ಮುಷ್ಟಿ ತುಂಬ ಕೊಡುತ್ತಾರೆ. ಕೆಲವು ತಿಂಗಳಾದ ಮೇಲೆ "ಎರಡು" ಗೊತ್ತಾಗುತ್ತದೆ, ಆಮೇಲೆ "ಮೂರು". ಅಷ್ಟರ ನಂತರ, ಸಾಮಾನ್ಯವಾಗಿ ಮೂರೂವರೆಯಿಂದ ನಾಲ್ಕು ವರ್ಷದ ಆಸುಪಾಸಿನಲ್ಲಿ, ಎಣಿಕೆಯ ಗುಟ್ಟು ಹೊಳೆದು ಐದು, ಆರು, ಏಳು ಎಷ್ಟು ಕೇಳಿದರೂ ಎಣಿಸಿ ಕೊಡುತ್ತಾರೆ. ಕೆಲವರಿಗೆ ಇನ್ನೂ ಸ್ವಲ್ಪ ತಡ. ಬಟ್ಟೆಗೆ ಹಾಕುವ ಕ್ಲಿಪ್ಪುಗಳನ್ನು ಬುಟ್ಟಿಯಲ್ಲಿಟ್ಟು "ಒಂದು ಕೊಡು, ಎರಡು ಕೊಡು" ಅಂತ ಆಟವಾಡಿ, ನಿಮ್ಮ ಮಗ ಎಲ್ಲಿದ್ದಾನೆ ಅಂತ ಗೊತ್ತಾಗುತ್ತದೆ. ಎರಡರವರೆಗೆ ಬಂದಿದ್ದರೆ ನೀವು ಈಗ ಕೆಲಸ ಮಾಡಬೇಕಾದ ಅಂಕಿ ಮೂರು, ಇಪ್ಪತ್ತೊಂದಲ್ಲ.

ಇನ್ನು ಪುಸ್ತಕ ಓದುವ ರೀತಿಯನ್ನು ಸ್ವಲ್ಪ ಬದಲಾಯಿಸಿ. ಕೊಂಬೆಯಲ್ಲಿ ಮೂರು ಮಾವಿನಹಣ್ಣು ಇರುವ ಪುಟ ಅಂದುಕೊಳ್ಳಿ. ಎಲ್ಲರೂ "ಎಣಿಸು ಪುಟ್ಟಾ" ಅಂತ ಶುರು ಮಾಡುತ್ತಾರೆ. ನೀವು ಮೊದಲು ಒಟ್ಟು ಹೇಳಿಬಿಡಿ: "ನೋಡು, ಇಲ್ಲಿ ಮೂರು ಮಾವಿನಹಣ್ಣಿದೆ." ಆಮೇಲೆ ಅವನ ಬೆರಳು ಹಿಡಿದು ಒಂದೊಂದನ್ನೇ ಮುಟ್ಟಿಸಿ. ಈ ವಯಸ್ಸಿನಲ್ಲಿ ಬೆರಳಿಗಿಂತ ಬಾಯಿ ಮುಂದೆ ಓಡುತ್ತದೆ, ಎಂಟು ಒಂಬತ್ತಾಗುವುದು ಅದಕ್ಕೇ. ಬೆರಳು ಹಣ್ಣಿನ ಮೇಲೆ ಕೂತ ಮೇಲೇ ಅಂಕಿ ಬರಲಿ. ಮೂರು ಅಂದ ತಕ್ಷಣ ಅಲ್ಲೇ ನಿಂತು, ಅಂಗೈಯನ್ನು ಇಡೀ ಕೊಂಬೆಯ ಸುತ್ತ ಆಡಿಸಿ "ಒಟ್ಟು ಮೂರು" ಅನ್ನಿ. ಒಟ್ಟು ಎಷ್ಟು ಅಂತ ಹೇಳಿ ಅದನ್ನೇ ಎಣಿಸಿ ತೋರಿಸಿದರೆ ಮೂರು ವರ್ಷದ ಮಕ್ಕಳಿಗೆ ಬೇಗ ಹತ್ತುತ್ತದೆ ಅನ್ನುವುದು ಅಧ್ಯಯನದಲ್ಲೂ ಕಂಡಿದೆ. ಆಮೇಲೆ ಒಂದೊಂದು ಹಣ್ಣಿನ ಮೇಲೂ ಒಂದೊಂದು ಕ್ಲಿಪ್ ಇಡಲು ಹೇಳಿ. ಹಣ್ಣು ಉಳಿದರೆ ಅಥವಾ ಕ್ಲಿಪ್ ಉಳಿದರೆ ಅವನಿಗೇ ಕಾಣುತ್ತದೆ, ನೀವು ತಪ್ಪು ಅನ್ನಬೇಕಾಗಿಲ್ಲ. ಒಂದೇ ಪುಟದಲ್ಲಿ ಕೂತುಬಿಟ್ಟರೆ ಕೂರಲಿ ಬಿಡಿ. ಪುಸ್ತಕ ಅವತ್ತೇ ಮುಗಿಯಬೇಕು ಅಂತೇನಿಲ್ಲ.

ಪ್ರಶ್ನೆ: ಮಗಳಿಗೆ ಎರಡೂವರೆ ವರ್ಷ. ಅಂಗಡಿಗೆ ಹೋದರೆ ಗುಂಡಿ ಒತ್ತಿದರೆ ಹಾಡುವ ಪುಸ್ತಕ, ಮಡಿಕೆ ತೆಗೆದರೆ ಪ್ರಾಣಿ ಹೊರಗೆ ಬರುವ ಪುಸ್ತಕ, ನೂರರವರೆಗೆ ಅಂಕಿ ಇರುವ ಪುಸ್ತಕ, ಎಲ್ಲ ಇವೆ. ಯಾವುದು ತಗೋಬೇಕ್ರಿ?
— ಒಬ್ಬ ತಂದೆ, ಹುಬ್ಬಳ್ಳಿ

ಉತ್ತರ: ಅದರಲ್ಲಿ ಯಾವುದೂ ಬೇಡ ಅಂತಲೇ ನನ್ನ ಅಭಿಪ್ರಾಯ. ಅಕ್ಷರ ಕಲಿಸುವ ಪುಸ್ತಕಗಳ ಮೇಲೆ ನಡೆದ ಒಂದು ಅಧ್ಯಯನದಲ್ಲಿ, ಎಳೆಯುವ ತೆರೆಯುವ ಭಾಗಗಳಿದ್ದ ಪುಸ್ತಕಕ್ಕಿಂತ ಸರಳವಾದ ಪುಸ್ತಕದಿಂದಲೇ ಮಕ್ಕಳು ಜಾಸ್ತಿ ಕಲಿತಿದ್ದರು. ಅಂಕಿಯಲ್ಲೂ ಹಾಗೇ ಅನ್ನುವುದು ನಾನು ಮಕ್ಕಳ ಜೊತೆ ಕೂತು ಕಂಡದ್ದು. ಮಡಿಕೆ ಕೈಗೆ ಸಿಕ್ಕಿತೋ, ಅಂಕಿ ಮರೆತೇಹೋಗುತ್ತದೆ.

ನಿಮ್ಮ ಮಗಳಿಗೆ ಒಂದರಿಂದ ಐದರವರೆಗಿನ ಪುಸ್ತಕ ಸಾಕು, ಹೆಚ್ಚೆಂದರೆ ಹತ್ತು. ಮೂರು ವಸ್ತುವಿನವರೆಗೆ ಕಣ್ಣಿಗೆ ಎಣಿಸದೆಯೇ ಎಷ್ಟು ಅಂತ ತಿಳಿಯುತ್ತದೆ, ಆದ್ದರಿಂದ ಒಂದು, ಎರಡು, ಮೂರರ ಪುಟಗಳು ಚೆನ್ನಾಗಿದ್ದರೆ ಆ ಪುಸ್ತಕ ಚೆನ್ನಾಗಿದೆ ಅನ್ನಬಹುದು. ಕೊಳ್ಳುವ ಮುಂಚೆ ಅಂಗಡಿಯಲ್ಲೇ ನಿಂತು ನೀವೇ ಎಣಿಸಿ ನೋಡಿ. "4" ಅಂತ ಬರೆದ ಪುಟದಲ್ಲಿ ನಾಲ್ಕು ಮೊಲ ಇದ್ದು, ಹಿಂದೆ ಬೇಲಿ ಮೇಲೆ ಇನ್ನೊಂದು ಅರ್ಧ ಮೊಲದ ಕಿವಿ ಕಾಣುತ್ತಿದ್ದರೆ ಮಗು ಐದು ಅನ್ನುತ್ತದೆ, ಮತ್ತು ಮಗು ಹೇಳಿದ್ದೇ ಸರಿ! ಒಂದರ ಮೇಲೊಂದು ಬಿದ್ದ ಚಿತ್ರ, ಸುಮ್ನೆ ಅಂದಕ್ಕೆ ತುಂಬಿದ ಹೂವು ಚಿಟ್ಟೆ, ಇವು ಶುರುವಿನಲ್ಲಿ ಬೇಡ. ನ್ಯಾಷನಲ್ ಬುಕ್ ಟ್ರಸ್ಟ್, ಪ್ರಥಮ್ ಬುಕ್ಸ್, ತೂಲಿಕಾ ಇವರೆಲ್ಲ ಕನ್ನಡದಲ್ಲಿ ಮಕ್ಕಳ ಪುಸ್ತಕ ತರುತ್ತಾರೆ. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಶುರು ಮಾಡಿದ ವೆಬ್‌ಸೈಟ್ ಸ್ಟೋರಿವೀವರ್‌ನಲ್ಲಿ ಪುಸ್ತಕಗಳು ಪುಕ್ಕಟೆ. ಫೋನಿನಲ್ಲೇ ತೋರಿಸುವ ಬದಲು ಪ್ರಿಂಟ್ ತೆಗೆಸಿ, ಬೆರಳಿಟ್ಟು ಮುಟ್ಟುವಾಗ ಪುಟ ಜಾರಿಹೋಗಬಾರದು.

ನನ್ನನ್ನು ಕೇಳಿದರೆ ಮೊದಲ ಪುಸ್ತಕ ಮನೆಯಲ್ಲೇ ಮಾಡಿ. ಹಳೆ ಲಗ್ನಪತ್ರಿಕೆಗಳ ದಪ್ಪ ಹಾಳೆ, ಸೂಜಿ ದಾರ, ಒಂದು ಪ್ಯಾಕೆಟ್ ಸ್ಟಿಕ್ಕರ್ ಬಿಂದಿ ಸಾಕು. ಒಂದು ಹಾಳೆಯ ಮೇಲೆ ಎರಡು ಎಲೆ ಬರೆದು, ಒಂದೊಂದು ಎಲೆಗೂ ಒಂದೊಂದು ಬಿಂದಿ ಅಂಟಿಸಲು ಮಗಳಿಗೆ ಕೊಡಿ. ಬಿಂದಿ ಬಿಡಿಸಿ ಅಂಟಿಸುವಾಗ ಕೈ ತಾನಾಗಿ ನಿಧಾನವಾಗುತ್ತದೆ, ಎಣಿಕೆಯೂ ಕೈ ಜೊತೆಗೇ ಬರುತ್ತದೆ. ಮೂರನ್ನು ಒಂದು ಪುಟದಲ್ಲಿ ಸಾಲಾಗಿ, ಇನ್ನೊಂದರಲ್ಲಿ ಮೂಲೆಗೊಂದರಂತೆ, ಮತ್ತೊಂದರಲ್ಲಿ ಒತ್ತೊತ್ತಾಗಿ ಅಂಟಿಸಿ. ಹೇಗೆ ಇಟ್ಟರೂ ಮೂರು ಮೂರೇ ಅನ್ನುವುದು ಎರಡೂವರೆ ವರ್ಷಕ್ಕೆ ದೊಡ್ಡ ಸಂಗತಿ. ಒಂದೇ ಎಚ್ಚರ: ಬಿಂದಿ ಬಾಯಿಗೆ ಹೋಗದಂತೆ ಪಕ್ಕದಲ್ಲೇ ಕೂತಿರಿ.

ಪ್ರಶ್ನೆ: ಮಗಳು ಯುಕೆಜಿ. ಶಾಲೆಯಲ್ಲಿ ದಿನಾ 1ರಿಂದ 100 ಬರೆಸುತ್ತಾರೆ. ಚಿತ್ರಪುಸ್ತಕ ಓದಿಸ್ತೀನಿ ಅಂದರೆ "ಅದೆಲ್ಲ ಟೈಂ ವೇಸ್ಟ್, ಬರವಣಿಗೆ ಮಾಡಿಸಿ" ಅಂತಾರೆ.
— ಓದುಗರೊಬ್ಬರು, ತುಮಕೂರು

ಉತ್ತರ: ಟೈಂ ವೇಸ್ಟ್ ಅಲ್ಲವೇ ಅಲ್ಲ. ಕೇಂದ್ರ ಸರ್ಕಾರ 2021ರ ಜುಲೈನಲ್ಲಿ ಶುರು ಮಾಡಿದ ನಿಪುಣ್ ಭಾರತ್ ಯೋಜನೆಯ ಗುರಿಗಳನ್ನೇ ನೋಡಿ. ಒಂದನೇ ಕ್ಲಾಸಿಗಿಂತ ಮುಂಚಿನ ವರ್ಷಕ್ಕೆ ಅದರಲ್ಲಿರುವುದು 10ರವರೆಗಿನ ಅಂಕಿ ಗುರುತಿಸಿ ಓದುವುದು, ವಸ್ತುಗಳನ್ನೂ ಅಂಕಿಗಳನ್ನೂ ಕ್ರಮವಾಗಿ ಜೋಡಿಸುವುದು. 99ರವರೆಗೆ ಬರೆಯುವುದು ಒಂದನೇ ಕ್ಲಾಸಿನ ಗುರಿ. ಜಗಳ ಮಾಡದೆ ಇದನ್ನು ಟೀಚರ್‌ಗೆ ತೋರಿಸಿ. ಮನೆಯಲ್ಲಿ ಮಾತ್ರ ಬರವಣಿಗೆ ಮೇಲೆ ಇನ್ನಷ್ಟು ಬರವಣಿಗೆ ಹೇರಬೇಡಿ. ಅವಳ ವಯಸ್ಸಿಗೆ ಪುಸ್ತಕದಲ್ಲಿ ಕೇಳಬಹುದಾದ ಪ್ರಶ್ನೆಗಳು ಬೇರೆ: "ಏಳು ಹಕ್ಕಿಯಲ್ಲಿ ಎರಡು ಹಾರಿಹೋದವು, ಪುಟ ತಿರುಗಿಸುವ ಮುಂಚೆ ಹೇಳು, ಎಷ್ಟು ಉಳಿದಿರಬಹುದು?"

ಪ್ರಶ್ನೆ: ಮೊಮ್ಮಗ ಅಮೆರಿಕದಲ್ಲಿದ್ದಾನೆ, ನಾಲ್ಕು ವರ್ಷ. ಒನ್ ಟೂ ತ್ರೀ ಚೆನ್ನಾಗಿ ಬರುತ್ತದೆ. ವಿಡಿಯೊ ಕಾಲ್‌ನಲ್ಲಿ ನಾನು ಕನ್ನಡದಲ್ಲಿ ಎಣಿಸಿದರೆ ಗೊಂದಲ ಆಗುತ್ತಾ?
— ಅಜ್ಜಿ, ಶಿವಮೊಗ್ಗ

ಉತ್ತರ: ಆಗುವುದಿಲ್ಲ ಅಮ್ಮಾ, ಧಾರಾಳವಾಗಿ ಎಣಿಸಿ. ಕೊನೆಯ ಅಂಕಿಯೇ ಒಟ್ಟು ಅನ್ನುವ ತಿಳುವಳಿಕೆ ಒಂದು ಭಾಷೆಯಲ್ಲಿ ಬಂದಿದ್ದರೆ ಇನ್ನೊಂದಕ್ಕೂ ದಾಟುತ್ತದೆ. ಹೊಸದಾಗಿ ಕಲಿಯಬೇಕಾದ್ದು ಅಂಕಿಗಳ ಹೆಸರು ಮಾತ್ರ, ಅದಕ್ಕೆ ನಿಮ್ಮ ಬಾಯಲ್ಲಿ ಕೇಳಿ ಕೇಳಿ ಅಭ್ಯಾಸ ಆಗಬೇಕು. ಒಂದು ಪುಟ ಎಣಿಸುವಾಗ ಅರ್ಧದಲ್ಲಿ ಭಾಷೆ ಬದಲಿಸಬೇಡಿ, ಅಷ್ಟೇ. ಸ್ಟೋರಿವೀವರ್‌ನಲ್ಲಿ ಎಷ್ಟೋ ಪುಸ್ತಕಗಳು ಅದೇ ಚಿತ್ರಗಳೊಂದಿಗೆ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಇವೆ. ಒಂದು ಪ್ರತಿ ನಿಮ್ಮ ಕೈಯಲ್ಲಿ, ಒಂದು ಅವನ ಕೈಯಲ್ಲಿ ಇರುವ ಹಾಗೆ ಮಗನಿಗೋ ಸೊಸೆಗೋ ಹೇಳಿ. ನಾಲ್ಕೈದು ಸಲ ಸರಿಯಾಗಿ ಎಣಿಸಿದ ಮೇಲೆ ಒಂದು ದಿನ ಬೇಕಂತಲೇ ಒಂದು ಆನೆಯನ್ನು ಬಿಟ್ಟು ಎಣಿಸಿ, ಏನೂ ಗೊತ್ತಿಲ್ಲದವರ ಹಾಗೆ ಮುಂದಿನ ಪುಟಕ್ಕೆ ಹೊರಡಿ. "ಅಜ್ಜೀ, ತಪ್ಪು!" ಅಂತ ಕೂಗಿದರೆ, ಯಾವ ಆನೆ ಬಿಟ್ಟೆ ಅಂತ ಅವನೇ ಕನ್ನಡದಲ್ಲಿ ಮೊದಲಿಂದ ಎಣಿಸಿ ತೋರಿಸಲಿ.