ಪಾಲುದಾರಿಕೆಯ ಸಾಲಕ್ಕೆ ಮನೆ ಹೋಗುತ್ತಾ?

ಅಪ್ಪ, ಚಿಕ್ಕಪ್ಪ ಸೇರಿ ಬ್ಯಾಡಗಿಯಲ್ಲಿ ಮೆಣಸಿನಕಾಯಿ ವ್ಯಾಪಾರ ಮಾಡ್ತಾರೆ, ಸಾಲ ಜಾಸ್ತಿಯಾದರೆ ಮನೆಗೂ ಕೈ ಹಾಕಬಹುದಾ, ಕಂಪನಿ ಮಾಡಿದರೆ ಏನು ಬೇರೆ ಅಂತ ಕೇಳಿದ್ದೀರಿ.

ಹೌದು, ಹಾಕಬಹುದು. 1932ರ ಪಾಲುದಾರಿಕೆ ಕಾಯ್ದೆಯ 25ನೇ ಸೆಕ್ಷನ್ ಓದಿ. ಚಿಕ್ಕಪ್ಪ ಫರ್ಮಿಗಾಗಿ ಮಾಡಿದ ಸಾಲವನ್ನು ಪೂರ್ತಿ ಅಪ್ಪನೊಬ್ಬರಿಂದಲೇ ವಸೂಲಿ ಮಾಡಬಹುದು.

ಕಾನೂನಿನ ಕಣ್ಣಲ್ಲಿ ಕಂಪನಿ ಅದರ ಮಾಲೀಕರಿಂದ ಬೇರೆಯೇ ವ್ಯಕ್ತಿ. 1897ರ ಸಾಲೊಮನ್ ಕೇಸನ್ನು ಸುಮ್ನೆ ಬಾಯಿಪಾಠ ಮಾಡಬೇಡಿ, ಕಥೆಯಾಗಿ ಓದಿ. ಆತ ಬೂಟು ವ್ಯಾಪಾರಿ. 20,007 ಷೇರುಗಳಲ್ಲಿ 20,001 ಅವನವೇ, ಉಳಿದ ಆರು ಹೆಂಡತಿ ಮಕ್ಕಳವು. ಆದರೂ ಕಂಪನಿಯ ಸಾಲ ಅವನ ಸಾಲವಲ್ಲ ಅಂತ ಆಗ ಬ್ರಿಟನ್ನಿನ ಅತ್ಯುನ್ನತ ನ್ಯಾಯಾಲಯವಾಗಿದ್ದ ಹೌಸ್ ಆಫ್ ಲಾರ್ಡ್ಸ್ ಹೇಳಿತು. ಆದರೆ ಅಪ್ಪ ಬ್ಯಾಂಕಿಗೆ ಸ್ವಂತ ಗ್ಯಾರಂಟಿ ಬರೆದುಕೊಟ್ಟರೆ ಈ ರಕ್ಷಣೆ ಅಲ್ಲಿಗೇ ಮುಗೀತು. 2008ರ ಕಾಯ್ದೆಯ ಎಲ್‌ಎಲ್‌ಪಿ, ಅಂದರೆ ಸೀಮಿತ ಹೊಣೆಯ ಪಾಲುದಾರಿಕೆಯಲ್ಲೂ ಈ ರಕ್ಷಣೆ ಇದೆ, ಗ್ಯಾರಂಟಿ ಕೊಟ್ಟರೆ ಅಲ್ಲೂ ಮುಗೀತು.

ಮೊದಲು ಫರ್ಮ್ ನೋಂದಣಿ ಆಗಿದೆಯಾ ನೋಡಿ. ಗದಗಿನ ನಮ್ಮ ಅಂಗಡಿಯ ಪಾಲುಪತ್ರ ಅರಿಶಿನ ಕುಂಕುಮ ಹಚ್ಚಿಸಿಕೊಂಡು ಟ್ರಂಕಿನಲ್ಲಿ ಭದ್ರವಾಗಿತ್ತು. ನೋಂದಣಿ ಮಾತ್ರ ಆಗಿರಲಿಲ್ಲ. ಬಾಕಿ ಕೊಡದವನ ಮೇಲೆ ದಾವೆ ಹಾಕಲು ಹೋದಾಗ ವಕೀಲರು, ನೋಂದಣಿಯಿಲ್ಲದ ಫರ್ಮ್ ಹೀಗೆ ಬಾಕಿಗಾಗಿ ದಾವೆ ಹಾಕುವಂತಿಲ್ಲ ಅನ್ನುವ ಪಾಲುದಾರಿಕೆ ಕಾಯ್ದೆಯ 69ನೇ ಸೆಕ್ಷನ್ ತೋರಿಸಿ ಪತ್ರ ಮಡಚಿ ವಾಪಸ್ ಕೊಟ್ಟರು. ನಮ್ಮಪ್ಪನ ಮುಖ ಇನ್ನೂ ಕಣ್ಣಲ್ಲಿದೆ. ಈ ಸಲ ಊರಿಗೆ ಹೋದಾಗ ಪಾಲುಪತ್ರದ ಜೊತೆ ನೋಂದಣಿ ಸರ್ಟಿಫಿಕೇಟನ್ನೂ ಕೇಳಿ ನೋಡಿ.