ಮಗ ಚೆನ್ನಾಗಿದ್ದಾನೆ, ನನಗೇ ನಿದ್ದೆ ಬರುತ್ತಿಲ್ಲ

ಪ್ರಶ್ನೆ: ನನ್ನ ಮಗನಿಗೆ ಏಳು ವರ್ಷ. ಟ್ರಕಿಯಾಸ್ಟಮಿ ಆಗಿದೆ (ಉಸಿರಾಡಲು ಕುತ್ತಿಗೆಯಲ್ಲಿ ರಂಧ್ರ ಮಾಡಿ ಟ್ಯೂಬ್ ಹಾಕಿದ್ದಾರೆ), ರಾತ್ರಿ ವೆಂಟಿಲೇಟರ್ ಬೇಕು, ಊಟ ಹೊಟ್ಟೆಯ ಟ್ಯೂಬ್ ಮೂಲಕ. ಕೋವಿಡ್ ಶುರುವಾದಾಗ ಅವನು ಎರಡು ವರ್ಷದ ಕೂಸು. ಸೋಂಕು ಬಂದರೆ ಅಂತ ಹೆದರಿ ರಾತ್ರಿಯ ನರ್ಸನ್ನು ನಾವೇ ಬೇಡ ಅಂದೆವು. ಮಗನ ಥೆರಪಿಯೂ ನಿಂತಿತು. ಸುಮಾರು ಎರಡು ವರ್ಷ ನಾನು, ಗಂಡ ಸರದಿಯಲ್ಲಿ ಎಚ್ಚರವಿದ್ದೆವು. ಈಗ ನರ್ಸ್ ಬರುತ್ತಾರೆ, ಮಗನೂ ಚೆನ್ನಾಗಿದ್ದಾನೆ. ಆದರೂ ಇಲ್ಲದ ಅಲಾರಂ ಕೇಳಿಸಿ ಎದ್ದು ಕೂರುತ್ತೇನೆ. ಸಣ್ಣ ಮಾತಿಗೂ ನಮ್ಮಿಬ್ಬರಿಗೆ ಜಗಳ. ಹನ್ನೆರಡು ವರ್ಷದ ಮಗಳು ಚರ್ಮ ಬಿರಿಯುವವರೆಗೆ ಕೈ ತೊಳೆಯುತ್ತಾಳೆ. ಥೆರಪಿ ನಿಲ್ಲಿಸಿ ಮಗನಿಗೆ ಅನ್ಯಾಯ ಮಾಡಿದೆನಾ? ನನಗೆ ಏನಾಗಿದೆ?

ಉತ್ತರ: ಮೊದಲು ಒಂದು ಲೆಕ್ಕ ಹೇಳುತ್ತೇನೆ. ಮನೆಯಲ್ಲಿ ಟ್ರಕಿಯಾಸ್ಟಮಿ ಮತ್ತು ವೆಂಟಿಲೇಟರ್ ಮೇಲಿರುವ ಮಕ್ಕಳಿಗಾಗಿ ಅಮೆರಿಕನ್ ಥೊರಾಸಿಕ್ ಸೊಸೈಟಿ ಎಂಬ ಶ್ವಾಸಕೋಶ ತಜ್ಞರ ಸಂಘ 2016ರಲ್ಲಿ ಒಂದು ಮಾರ್ಗಸೂಚಿ ತಂದಿತು. ತರಬೇತಿ ಪಡೆದ ಒಬ್ಬರು ಎಲ್ಲ ಹೊತ್ತಿನಲ್ಲೂ ಎಚ್ಚರವಾಗಿ ಮಗುವಿನ ಹತ್ತಿರ ಇರಬೇಕು ಎನ್ನುತ್ತದೆ ಅದು. ವಾರಕ್ಕೆ 168 ಗಂಟೆ. ಇಬ್ಬರೇ ಹಂಚಿಕೊಂಡರೆ ತಲೆಗೆ 84 ಗಂಟೆ. ಅಡುಗೆ, ದುಡಿಮೆ, ಮಗಳ ಓದು ಎಲ್ಲ ಇದರ ಹೊರಗೆ. ಯಾವ ಆಸ್ಪತ್ರೆಯೂ ನರ್ಸ್ ಒಬ್ಬರಿಂದ ವರ್ಷಗಟ್ಟಲೆ ಇಷ್ಟು ದುಡಿಸುವುದಿಲ್ಲ. ನೀವು ದುರ್ಬಲರಾಗಿ ಕುಸಿದಿಲ್ಲ. ಹೊತ್ತ ಹೊರೆ ಅಷ್ಟಿತ್ತು.

ಅಲಾರಂ ವಿಷಯಕ್ಕೆ ಬರೋಣ. ಕುತ್ತಿಗೆಯ ಟ್ಯೂಬಿನಲ್ಲಿ ಕಫ ಕಟ್ಟಿದರೆ ಕೆಲವೇ ನಿಮಿಷಗಳಲ್ಲಿ ಮಗುವಿನ ಜೀವಕ್ಕೆ ಅಪಾಯ. ಅದು ನಿಮಗೆ ಗೊತ್ತಿತ್ತು, ಹಾಗಾಗಿ ನಿಮ್ಮ ಮೈ ನಿದ್ದೆಯಲ್ಲೂ ಕಿವಿ ತೆರೆದಿಡುವುದನ್ನು ಕಲಿಯಿತು. ಆ ಕಲಿಕೆಯೇ ಮಗನನ್ನು ಕಾಪಾಡಿತು. ಅಪಾಯ ಕಡಿಮೆಯಾದ ಮೇಲೂ ಅದು ತಾನಾಗಿ ಹೋಗುವುದಿಲ್ಲ, ಅಷ್ಟೇ. 2023ರ ಮೇ 5ರಂದು ಕೋವಿಡ್ ಜಾಗತಿಕ ತುರ್ತುಸ್ಥಿತಿ ಮುಗಿಯಿತು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿತು. ನಿಮ್ಮಂಥ ಮನೆಗಳಲ್ಲಿ ಅದು ಆ ದಿನ ಮುಗಿಯಲಿಲ್ಲ. ಬೇರೆಯವರು ಮಾಸ್ಕ್ ತೆಗೆದಾಗ ನಿಮ್ಮ ಭಯ ಇನ್ನೂ ಜಾಸ್ತಿಯೇ ಆಗಿರಬೇಕು, ಅಲ್ವಾ?

ಇದು ಆಘಾತದ ನಂತರದ ಒತ್ತಡ ಇರಬಹುದು, ಖಿನ್ನತೆಯೂ ಜೊತೆಗೆ ಇರಬಹುದು. ಪತ್ರ ನೋಡಿ ನಾನು ತೀರ್ಮಾನಿಸಬಾರದು. ಮನೋವೈದ್ಯರನ್ನೋ ಮನಶ್ಶಾಸ್ತ್ರಜ್ಞರನ್ನೋ ನೋಡಿ. ಎರಡಕ್ಕೂ ಒಳ್ಳೆಯ ಚಿಕಿತ್ಸೆ ಇದೆ. ಹೊರಗೆ ಹೋಗುವುದು ಕಷ್ಟವಾದರೆ ವಿಡಿಯೋ ಕರೆಯಲ್ಲೂ ಆಗುತ್ತದೆ. ಮಗನ ವೈದ್ಯರ ಹತ್ತಿರವೂ ಇದನ್ನು ಬಾಯಿಬಿಟ್ಟು ಹೇಳಿ. ತಾಯಿಯ ನಿದ್ದೆ ಮಗುವಿನ ಚಿಕಿತ್ಸೆಯ ಭಾಗವೇ. ಸಾಯುವ ಯೋಚನೆ, ಅಥವಾ ಮಗುವಿನೊಂದಿಗೆ ಎಲ್ಲ ಮುಗಿಸಿಬಿಡುವ ಯೋಚನೆ ಒಮ್ಮೆ ಬಂದರೂ ಕಾಯಬೇಡಿ. ಅದೇ ದಿನ ಸಹಾಯ ಕೇಳಿ.

ಈಗ ಥೆರಪಿಯ ಪ್ರಶ್ನೆ. ನೀವು ಅನ್ಯಾಯ ಮಾಡಲಿಲ್ಲ. ಆಗಿನ ದಿನಗಳನ್ನು ನೆನಪಿಸಿಕೊಳ್ಳಿ. 2020ರ ಡಿಸೆಂಬರ್‌ನಲ್ಲಿ ಕೆಲವು ದೇಶಗಳಲ್ಲಿ ಲಸಿಕೆ ಬಂತು, ಆದರೆ ಚಿಕ್ಕ ಮಕ್ಕಳಿಗಲ್ಲ. ಮೊದಲಿಂದಲೂ ಕೈಗವಸು, ಮಾಸ್ಕ್ ಬಳಸುತ್ತಿದ್ದ ಮನೆಗಳಿಗೇ ಅವು ಸಿಗದಂತಾಯಿತು. ಕೆಲವು ಕಡೆ ವೆಂಟಿಲೇಟರ್ ಯಾರಿಗೆ ಮೊದಲು ಎಂಬ ಚರ್ಚೆ ನಡೆದಾಗ, ನಮ್ಮ ಮಗುವಿನದನ್ನೇ ಕಿತ್ತುಕೊಂಡರೆ ಎಂದು ನಡುಗಿದ ಅಪ್ಪ ಅಮ್ಮಂದಿರಿದ್ದರು. ಉಸಿರೋ ಥೆರಪಿಯೋ ಎಂಬ ಪ್ರಶ್ನೆ ಬಂದಾಗ ನೀವು ಉಸಿರನ್ನು ಆರಿಸಿಕೊಂಡಿರಿ. ನಿಂತುಹೋದ ಥೆರಪಿಯಲ್ಲಿ ಎಷ್ಟೋ ಈಗಲೂ ಮುಂದುವರಿಸಬಹುದು. ಎಲ್ಲವೂ ವಾಪಸ್ ಬರುತ್ತದೆ ಎಂದು ಸುಮ್ನೆ ಸಮಾಧಾನಕ್ಕೆ ಹೇಳಲಾರೆ. ಹೋದದ್ದಕ್ಕೆ ದುಃಖಪಡಿ, ಅದು ತಪ್ಪಿನ ಗುರುತಲ್ಲ. ಇಂಥ ಮಕ್ಕಳ ತಂದೆತಾಯಿಗೆ ದುಃಖ ಒಮ್ಮೆ ಬಂದು ಹೋಗುವುದಿಲ್ಲ, ಮತ್ತೆ ಮತ್ತೆ ಬರುತ್ತದೆ. ಸೈಮನ್ ಓಲ್ಶಾನ್ಸ್ಕಿ ಎಂಬ ಸಂಶೋಧಕರು 1962ರಲ್ಲೇ ಇದಕ್ಕೆ ದೀರ್ಘಕಾಲದ ದುಃಖ ಎಂದು ಹೆಸರಿಟ್ಟು, ಇದು ರೋಗವಲ್ಲ, ಸಹಜ ಎಂದಿದ್ದರು.

ಗಂಡನ ಜೊತೆಗಿನ ಜಗಳದ ಬಗ್ಗೆ ಒಂದೇ ಮಾತು. ಸರದಿಯಲ್ಲಿ ಬದುಕಿದವರು ಒಟ್ಟಿಗೆ ಎಚ್ಚರವಿದ್ದ ಹೊತ್ತೇ ಕಡಿಮೆ. ನರ್ಸ್ ಇರುವಾಗ ಅರ್ಧ ಗಂಟೆ ಮಗನ ವಿಷಯ ಬಿಟ್ಟು ಇಬ್ಬರೂ ಕೂತು ಮಾತಾಡಿ.

ನರ್ಸ್ ಇರುವ ರಾತ್ರಿಗಳಲ್ಲಿ ಬೇರೆ ಕೋಣೆಯಲ್ಲಿ ಮಲಗಿ. ಮೊದಲ ಕೆಲವು ರಾತ್ರಿ ನಿದ್ದೆ ಬಾರದಿದ್ದರೂ ಹೋಗಿ ಮಲಗಿ. ಯಾವಾಗ ನಿಮ್ಮನ್ನು ಎಬ್ಬಿಸಬೇಕು ಎಂದು ಹಾಳೆಯಲ್ಲಿ ಬರೆದು ಅವರಿಗೆ ಕೊಡಿ. ಅದೇ ಹಾಳೆಯಲ್ಲಿ ಮಗನ ಟ್ಯೂಬಿನ ಅಳತೆ, ವೆಂಟಿಲೇಟರ್ ಸೆಟ್ಟಿಂಗ್, ಔಷಧಗಳು, ಅಲರ್ಜಿ, ವೈದ್ಯರ ನಂಬರ್ ಇರಲಿ. ಮನೆಯಲ್ಲಿ ಮೂರನೆಯ ಒಬ್ಬರಿಗೆ, ಅಜ್ಜಿಯೋ ಚಿಕ್ಕಪ್ಪನೋ ಯಾರಾದರೂ ಸರಿ, ಆಸ್ಪತ್ರೆಯವರಿಂದಲೇ ಸಕ್ಷನ್ (ಟ್ಯೂಬಿನ ಕಫ ಹೀರಿ ತೆಗೆಯುವುದು) ಮತ್ತು ಟ್ಯೂಬ್ ಬದಲಿಸುವ ತರಬೇತಿ ಕೊಡಿಸಿ. ಮುಂದೆ ಇಂಥ ಕಾಲ ಮತ್ತೆ ಬಂದರೆ ನಿಮ್ಮನ್ನು ಕಾಪಾಡುವುದು ಈ ಮೂರನೆಯ ಜೋಡಿ ಕೈ. "ನೀವು ತುಂಬಾ ಗಟ್ಟಿ" ಎಂದು ಹೊಗಳುವವರು ಸಿಕ್ಕರೆ, ಅವರಿಂದ ಒಂದು ಕೆಲಸ ಕೇಳಿ ಪಡೆಯಿರಿ. ಆ ಹೊಗಳಿಕೆ ಎಷ್ಟೋ ತಾಯಂದಿರ ಬಾಯಿ ಕಟ್ಟಿಹಾಕಿದ್ದನ್ನು ನೋಡಿದ್ದೇನೆ.

ನನಗೆ ಹೆಚ್ಚು ಚಿಂತೆ ಮಗಳದು. ಆರೇಳು ವರ್ಷದವಳಿದ್ದಾಗ "ಕೈ ತೊಳಿ, ತಮ್ಮನಿಗೆ ಏನಾದರೂ ಆಗುತ್ತೆ" ಎಂದು ದಿನವೂ ಕೇಳಿದ್ದಾಳೆ. ತಮ್ಮನ ಜೀವ ತನ್ನ ಕೈಯಲ್ಲಿದೆ ಎಂದು ನಂಬಿಬಿಟ್ಟಿರಬಹುದು. ಬೈಯಬೇಡಿ, ನಲ್ಲಿ ಮುಚ್ಚಿ ತಡೆಯಲೂ ಬೇಡಿ. ಇದು ಗೀಳಿನ ಕಾಯಿಲೆ ಇರಬಹುದು. ಮಕ್ಕಳ ಮನೋವೈದ್ಯರಿಗೆ ಈ ತಿಂಗಳೇ ತೋರಿಸಿ. ಇದಕ್ಕೆ ಮಾತಿನ ಚಿಕಿತ್ಸೆಯಿಂದಲೇ ಬಹಳ ಮಕ್ಕಳು ಸುಧಾರಿಸುತ್ತಾರೆ. ಅಲ್ಲಿಯವರೆಗೆ, ಇವತ್ತು ರಾತ್ರಿ ಅವಳ ಪಕ್ಕ ಕೂತು ಕೇಳಿ: "ಆಗ ನಿನಗೆ ಯಾವುದಕ್ಕೆ ಜಾಸ್ತಿ ಭಯ ಆಗಿತ್ತು?" ಅವಳು ಹೇಳಿ ಮುಗಿಸುವವರೆಗೆ ನಡುವೆ ಮಾತಾಡಬೇಡಿ. ಆಮೇಲೆ ಹೇಳಿ: "ತಮ್ಮನನ್ನು ನೋಡಿಕೊಳ್ಳುವುದು ನಮ್ಮ ಕೆಲಸ, ನಿನ್ನದಲ್ಲ."