ಮಲ್ಪೆಯೋ ಪಿಲಿಕುಳವೋ?

ಮೂರು ಮತ್ತು ಆರು ವರ್ಷದ ಹೆಣ್ಣುಮಕ್ಕಳ ಜೊತೆ ಡಿಸೆಂಬರ್‌ನಲ್ಲಿ ಉಡುಪಿಗೆ ಬರ್ತೀವಿ, ಸಿಗೋದು ಒಂದೇ ದಿನ, ಮಲ್ಪೆ ಬೀಚ್‌ಗೆ ಹೋಗೋದಾ ಪಿಲಿಕುಳದ ಮೃಗಾಲಯಕ್ಕಾ ಅಂತ ಕೇಳಿದ್ದೀರಿ. ದಯವಿಟ್ಟು ಎರಡನ್ನೂ ಒಂದೇ ದಿನಕ್ಕೆ ತುರುಕಬೇಡಿ. ಮಲ್ಪೆ ಸಾಕು.

ಬೆಳಿಗ್ಗೆ ಬೇಗ ಮಲ್ಪೆಯಿಂದ ಬೋಟ್ ಹತ್ತಿ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗಿ. ಬಿಸಿಲೇರಿದ ಮೇಲೆ ಅಲ್ಲಿ ನೆರಳು ಸಾಲದು. ಲಾವಾ ತಣ್ಣಗಾಗುವಾಗ ಸೀಳಿ ಕಂಬಗಳಂತೆ ನಿಂತ ಬಂಡೆಗಳಿವೆ. ಕೆಲವಕ್ಕೆ ಐದು ಮೂಲೆ, ಕೆಲವಕ್ಕೆ ಆರು. ದೊಡ್ಡ ಮಗಳಿಗೆ ಎಣಿಸೋಕೆ ಹೇಳಿ, ಖುಷಿಪಡುತ್ತಾಳೆ. ದಡದಲ್ಲಿ ಚಿಪ್ಪಿನ ಚೂರು ಜಾಸ್ತಿ, ಬರಿಗಾಲಲ್ಲಿ ಬಿಡಬೇಡಿ. ಪಾಚಿ ಕಟ್ಟಿದ ಬಂಡೆ ಜಾರುತ್ತದೆ, ಅಲ್ಲಿ ನೀರಿಗಂತೂ ಇಳಿಸಲೇಬೇಡಿ. ನೀರಾಟಕ್ಕೆ ಮಲ್ಪೆಯ ಮರಳೇ ಸರಿ. ಅಲ್ಲೂ ಚಿಕ್ಕವಳ ಕೈ ಹಿಡಿದೇ ಇರಿ.

ಮಧ್ಯಾಹ್ನ ಉಡುಪಿಗೆ ಬಂದು ಊಟ ಮಾಡಿ, ಮಕ್ಕಳನ್ನು ಮಲಗಿಸಿ. ಚಿಕ್ಕವಳಿಗೆ ನಿದ್ದೆ ತಪ್ಪಿದರೆ ಸಂಜೆ ಯಾರಿಗೂ ಸುಖ ಇಲ್ಲ, ಅಲ್ವಾ? ಎದ್ದ ಮೇಲೆ ಉತ್ಸಾಹ ಇದ್ದರೆ ಕಾಪು ಬೀಚ್. 1901ರ ದೀಪಸ್ತಂಭ ಬಂಡೆಯ ಮೇಲಿದೆ. ಮೇಲೆ ಹತ್ತಲೇಬೇಕು ಅಂತೇನಿಲ್ಲ, ಕೆಳಗಿಂದ ಸೂರ್ಯಾಸ್ತ ಚೆನ್ನಾಗಿ ಕಾಣುತ್ತದೆ.

ಪಿಲಿಕುಳ ಮಂಗಳೂರಿನ ಕಡೆ. ಮೃಗಾಲಯ, ತಾರಾಲಯ, ಕೆರೆ ಎಲ್ಲ ಸೇರಿ ಅದಕ್ಕೇ ಒಂದು ಪೂರ್ತಿ ದಿನ ಬೇಕು. ಮುಂದಿನ ಸಲ ಇಟ್ಟುಕೊಳ್ಳಿ. ಸೋಮವಾರ ಮಾತ್ರ ಬೇಡ, ರಜೆ ಇರುತ್ತದೆ.